ಫೋಂಡ್ 89: ಅರವತ್ತು ವರ್ಷ ಕಣ್ಮರೆಯಾಗಿದ್ದ ಒಂದು ದಫ್ತರದ ಕಥೆ

ಹಳೇ ಮನೆಗಳಲ್ಲಿ ಕಾಗದಪತ್ರ ವಿಂಗಡಿಸಲು ಕೂತವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಮನೆಯವರು ಜೋಪಾನ ಮಾಡಿದ್ದು ಒಂದು, ನಮಗೆ ಬೇಕಾದದ್ದು ಇನ್ನೊಂದು. ಕರಾವಳಿಯ ಒಂದು ಮನೆಗೆ ಹೀಗೇ ಹೋಗಿದ್ದೆ. ಅಜ್ಜನ ಸನ್ಮಾನ ಪತ್ರ ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಮೂರು ತಲೆಮಾರಿನ ಮದುವೆ ಕಾಗದಗಳು ಟ್ರಂಕಿನಲ್ಲಿ ಭದ್ರವಾಗಿದ್ದವು. ಗೇಣಿ ಲೆಕ್ಕದ ಪುಸ್ತಕ, ತೀರ್ವೆ ರಸೀದಿ, ಕೂಲಿಯವರ ಹಾಜರಿ ಪಟ್ಟಿ ಎಲ್ಲಿ ಅಂತ ಕೇಳಿದೆ. "ಅದು ಬರೀ ಲೆಕ್ಕ ಅಲ್ವಾ? ಹೋದ ಮಳೆಗಾಲದಲ್ಲೇ ಗುಜರಿಗೆ ಹಾಕಿದೆವು" ಅಂದರು ಮನೆಯಾಕೆ.

ನಾನೇನೂ ಹೇಳಲಿಲ್ಲ. ಹೇಳಿ ಏನು ಪ್ರಯೋಜನ, ಹೋದದ್ದು ಹೋಯಿತು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಪೀಟರ್ ಬ್ರೌನ್ ಎಂಬ ಒಬ್ಬ ಮೇಷ್ಟ್ರು ನೆನಪಾದರು. ಅವರು ನೂರು ವರ್ಷದ ಹಿಂದೆ, ಈಗಿನ ಉಕ್ರೇನಿನ ದಕ್ಷಿಣದಲ್ಲಿ, ಸರಿಯಾಗಿ ಇದರ ಉಲ್ಟಾ ಕೆಲಸ ಮಾಡಿದ್ದರು. ಎಲ್ಲರೂ "ಬರೀ ಲೆಕ್ಕ" ಅನ್ನುವ ಕಾಗದವನ್ನೇ ಅವರು ಗುಡ್ಡೆ ಹಾಕಿದರು. ಆ ಗುಡ್ಡೆ ಅವರ ಕೈತಪ್ಪಿತು, ಸಮುದಾಯದ ಕೈಯೂ ತಪ್ಪಿತು, ನಾಶವಾಯಿತು ಅಂತಲೇ ಜನ ನಂಬಿದರು. ಆಮೇಲೆ 1990ರಲ್ಲಿ ಅದು ಸರ್ಕಾರಿ ಪತ್ರಾಗಾರವೊಂದರಲ್ಲಿ ಸಿಕ್ಕಿತು. ಕಾಗದ ಉಳಿಸುವ ಕೆಲಸದ ಬಗ್ಗೆ ಯೋಚಿಸುವಾಗಲೆಲ್ಲ ನಾನು ಈ ಒಂದು ಪ್ರಕರಣಕ್ಕೇ ಮರಳಿ ಬರುತ್ತೇನೆ. ಯಾಕೆಂದರೆ ಇದರಲ್ಲಿ ಯಾವುದೂ ಅಂದುಕೊಂಡಂತೆ ನಡೆಯಲಿಲ್ಲ.

ಹಾಲಿನ ಹೊಳೆಯ ದಂಡೆಯವರು

ಮೆನೊನೈಟರ ಹೆಸರು ನಮ್ಮಲ್ಲಿ ಅಷ್ಟು ಪರಿಚಿತವಲ್ಲ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಶುರುವಾದ ಒಂದು ಕ್ರೈಸ್ತ ಪಂಗಡದ ಕವಲು ಇವರು. ನೆದರ್ಲೆಂಡ್ಸಿನ ಮೆನ್ನೊ ಸಿಮನ್ಸ್ ಎಂಬಾತನಿಂದ ಹೆಸರು ಬಂತು. ಎರಡು ವಿಷಯದಲ್ಲಿ ಇವರದು ಹಟ. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಬುದ್ಧಿ ಬಂದ ಮೇಲೆ ತಾನಾಗಿ ಕೇಳಿಕೊಂಡರೆ ಮಾತ್ರ. ಮತ್ತೆ, ಆಯುಧ ಹಿಡಿಯುವುದಿಲ್ಲ. ಈ ಎರಡಕ್ಕೂ ಸಾಕಷ್ಟು ಪೆಟ್ಟು ತಿಂದು ನೆದರ್ಲೆಂಡ್ಸಿನಿಂದ ಈಗಿನ ಪೋಲೆಂಡಿನ ವಿಸ್ಟುಲಾ ನದಿಯ ಮುಖಜ ಭೂಮಿಗೆ ಬಂದರು. ಅಲ್ಲಿಂದ ರಷ್ಯಾದ ರಾಣಿ ಕ್ಯಾಥರೀನ್ ಕರೆದಳೆಂದು 1789ರಲ್ಲಿ ನೀಪರ್ ನದಿಯ ಬದಿಗೆ, ಖೋರ್ಟಿಟ್ಸಾ ಎಂಬಲ್ಲಿಗೆ ಹೋದರು. 1804ರಲ್ಲಿ ಅದರ ದಕ್ಷಿಣಕ್ಕೆ ಮೊಲೋಚ್ನಾ ಹೊಳೆಯ ದಂಡೆಯಲ್ಲಿ ಇನ್ನೊಂದು ವಸಾಹತು ಎದ್ದಿತು. ಮೊಲೋಚ್ನಾ ಅಂದರೆ ಹಾಲಿನದು. ಅದರ ದೊಡ್ಡ ಊರು ಹಾಲ್ಬ್‌ಸ್ಟಾಟ್, ಈಗಿನ ಹೆಸರು ಮೊಲೋಚಾನ್ಸ್ಕ್. ನಮ್ಮ ಕಥೆ ನಡೆಯುವುದು ಇಲ್ಲಿ.

ರಷ್ಯಾದ ಸರ್ಕಾರ ಇವರಿಗೆ ಊರಾಡಳಿತವನ್ನು ಬಹುಪಾಲು ಬಿಟ್ಟುಕೊಟ್ಟಿತ್ತು. ಹಳ್ಳಿಗೊಬ್ಬ ಪಟೇಲನಂಥವನು, ಎಲ್ಲ ಹಳ್ಳಿ ಸೇರಿ ಒಂದು ಕಚೇರಿ, ಬೆಂಕಿ ಅನಾಹುತಕ್ಕೆ ತಮ್ಮದೇ ವಿಮೆ, ತಬ್ಬಲಿ ಮಕ್ಕಳ ಆಸ್ತಿ ನೋಡಿಕೊಳ್ಳಲು 'ವೈಸನಾಮ್ಟ್' ಎಂಬ ಇನ್ನೊಂದು ಕಚೇರಿ, ತಮ್ಮದೇ ಶಾಲೆಗಳು. ಆಡಳಿತ ಅಂದಮೇಲೆ ಕಾಗದ. ನೂರು ವರ್ಷದಲ್ಲಿ ಎಷ್ಟು ಬೆಳೆದಿರಬೇಡ.

ಆ ಕಾಗದ ಸೇರಿಸಬೇಕು ಅಂತ ತೀರ್ಮಾನ ಆದದ್ದು 1917ರ ಆಗಸ್ಟ್‌ನಲ್ಲಿ. ಮೊಲೋಚ್ನಾದ ಓರ್ಲೋಫ್ ಎಂಬ ಹಳ್ಳಿಯಲ್ಲಿ ರಷ್ಯಾದ ಮೆನೊನೈಟರೆಲ್ಲರ ಒಂದು ಮಹಾಸಭೆ ಸೇರಿತ್ತು. ಯಾಕೆ ಆಗ ಅನ್ನುವುದು ಮುಖ್ಯ. ಮೊದಲ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಾತಾಡುವವರೆಲ್ಲ ಶತ್ರುಗಳು ಅನ್ನುವ ಗಾಳಿ ಬೀಸಿತ್ತು. 1915ರಲ್ಲಿ ಅವರ ಜಮೀನು ಕಿತ್ತುಕೊಳ್ಳುವ ಕಾನೂನುಗಳೇ ಬಂದವು. ನಾವು ಜರ್ಮನರಲ್ಲ, ಡಚ್ ಮೂಲದವರು ಅಂತ ಮೆನೊನೈಟರು ಕಚೇರಿ ಕಚೇರಿ ಅಲೆದರು. ಹೇಳಿದರೆ ಸಾಕೇ, ತೋರಿಸಲು ದಾಖಲೆ ಬೇಕಲ್ಲ. ತಮ್ಮ ಕಾಗದ ತಮ್ಮ ಕೈಗೆ ಸಿಗುವ ಹಾಗಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಅವರಿಗೆ ಆಗ ತಟ್ಟಿತು. ಅಷ್ಟರಲ್ಲಿ ಫೆಬ್ರವರಿ ಕ್ರಾಂತಿ ಆಗಿ ಚಕ್ರವರ್ತಿ ಇಳಿದ. ಉಸಿರಾಡಲು ಒಂದಿಷ್ಟು ಸಮಯ ಸಿಕ್ಕಿತು. ಆ ಕಿರುಸಮಯದಲ್ಲಿ ಹಾಲ್ಬ್‌ಸ್ಟಾಟಿನ ಶಿಕ್ಷಕ ಬ್ರೌನ್ ಅವರ ಹೆಗಲಿಗೆ ಪತ್ರಾಗಾರದ ಕೆಲಸ ಬಿತ್ತು. ಆಗ ಅವರಿಗೆ ಮೂವತ್ತೇಳರ ಆಸುಪಾಸು.

ಮೇಷ್ಟ್ರು ಏನು ಸೇರಿಸಿದರು

ನಾವು ಅಂದುಕೊಳ್ಳುವುದು ಬೇರೆ. ಧಾರ್ಮಿಕ ಸಮುದಾಯದ ಪತ್ರಾಗಾರ ಅಂದರೆ ಧರ್ಮೋಪದೇಶಗಳು, ಸಭಾಹಿರಿಯರ ಪತ್ರಗಳು, ಚಕ್ರವರ್ತಿ ಕೊಟ್ಟ ಸನ್ನದು ಇಂಥವೇ ಇರುತ್ತವೆ, ಅಲ್ವಾ? ಅವೂ ಒಂದಿಷ್ಟು ಇದ್ದವು. ಆದರೆ ಬ್ರೌನ್ ಸಂಗ್ರಹದ ಹೊಟ್ಟೆ ತುಂಬಿದ್ದು ಕಚೇರಿ ಕಡತಗಳಿಂದ. 1803ರಿಂದ 1920ರವರೆಗಿನ ಸುಮಾರು 1,40,000 ಪುಟ. ಜನಗಣತಿ, ಶಾಲಾ ಹಾಜರಿ, ಸಾಲ, ದಂಡ, ಬೇಲಿ ಜಗಳ, ಪಾಸ್‌ಪೋರ್ಟ್ ಅರ್ಜಿ, ಯಾರ ತೋಟದಲ್ಲಿ ಎಷ್ಟು ಮರ ಬದುಕಿದೆ ಅನ್ನುವ ಪಟ್ಟಿ.

ಮರದ ಪಟ್ಟಿ ಯಾಕೆ ಬಂತು ಅಂದರೆ ಯೋಹಾನ್ ಕೋರ್ನೀಸ್ ದೆಸೆಯಿಂದ. 1789ರಲ್ಲಿ ಹುಟ್ಟಿ 1848ರಲ್ಲಿ ತೀರಿಕೊಂಡ ಈ ಮನುಷ್ಯ ಓರ್ಲೋಫಿನ ದೊಡ್ಡ ಕುಳ. ಕುರಿ ಸಾಕಿ ಹಣ ಮಾಡಿದವನು. 1831ರಲ್ಲಿ ಸರ್ಕಾರ ಅವನ ಮುಂದಾಳತ್ವದಲ್ಲಿ ಮರ, ಹಣ್ಣಿನ ತೋಟ, ರೇಷ್ಮೆ, ದ್ರಾಕ್ಷಿ ಬೆಳೆಸುವ ಸಂಘವೊಂದನ್ನು ಮಾಡಿತು. ಮೊಲೋಚ್ನಾ ಬಯಲಿನಲ್ಲಿ ಮನೆ ಮನೆಗೂ ಹಿಪ್ಪುನೇರಳೆ ನೆಡಿಸಿದ. ನಮ್ಮ ಕನಕಪುರ, ಶಿಡ್ಲಘಟ್ಟದವರಿಗೆ ಹುಳು ಮನೆಯ ಕಷ್ಟಸುಖ ಹೇಳಿಕೊಡಬೇಕಿಲ್ಲ. ಅದೇ ಕೆಲಸ ಆ ಚಳಿಯ ಬಯಲಿನಲ್ಲೂ ನಡೆದಿತ್ತು. ನೆಡದವನಿಗೆ ಬೈಗುಳ, ಕೆಲವೊಮ್ಮೆ ದಂಡ. ಎಲ್ಲದಕ್ಕೂ ಲೆಕ್ಕ.

ಕೋರ್ನೀಸನಿಗೆ ಒಂದು ಒಳ್ಳೆ ಚಾಳಿ ಇತ್ತು. ತಾನು ಕಳಿಸಿದ ಪತ್ರದ ನಕಲನ್ನೂ ಇಟ್ಟುಕೊಳ್ಳುತ್ತಿದ್ದ. ಸಾಮಾನ್ಯವಾಗಿ ನಮ್ಮ ಮನೆಯಲ್ಲಿ ಸಿಗುವುದು ಬಂದ ಪತ್ರಗಳು, ಹೋದ ಪತ್ರಗಳು ಇನ್ನೊಬ್ಬರ ಮನೆಯಲ್ಲಿರುತ್ತವೆ. ಇಲ್ಲಿ ಎರಡೂ ಕಡೆಯ ಮಾತು ಒಂದೇ ಕಪಾಟಿನಲ್ಲಿತ್ತು. ಅವನು ಪತ್ರ ಬರೆಯುತ್ತಿದ್ದವರಲ್ಲಿ ವಲಸಿಗರ ಮೇಲ್ವಿಚಾರಣೆಯ ಅಧಿಕಾರಿ ಆಂಡ್ರೇ ಫಾದೇಯೆವ್ ಒಬ್ಬರು. ಸುಮ್ನೆ ಒಂದು ಅಡ್ಡಮಾತು: ಈ ಫಾದೇಯೆವ್ ಬೇರೆ ಯಾರೂ ಅಲ್ಲ, ಥಿಯಾಸಫಿಕಲ್ ಸೊಸೈಟಿಯ ಬ್ಲವಾಟ್ಸ್ಕಿಯ ಅಜ್ಜ. ಚೆನ್ನೈನ ಅಡ್ಯಾರಿನಲ್ಲಿ ಸೊಸೈಟಿಯ ಆವರಣದ ಆ ದೊಡ್ಡ ಆಲದ ಮರ ನೋಡಿದವರಿಗೆ, ಆ ಸೊಸೈಟಿ ಕಟ್ಟಿದವಳ ಅಜ್ಜ ಕುರಿ ತಳಿ, ಸಸಿ ನಾಟಿ ಬಗ್ಗೆ ಕಾಗದ ಬರೆಯುತ್ತಿದ್ದದ್ದು ತಮಾಷೆ ಅನಿಸಬಹುದು.

ಬ್ರೌನ್ ಇವನ್ನೆಲ್ಲ ಸೇರಿಸುತ್ತಿದ್ದ ಕಾಲ ಎಂಥದ್ದು ಅಂತ ನೆನಪಿರಲಿ. 1918ರಿಂದ 1920ರವರೆಗೆ ಅಂತರ್ಯುದ್ಧದಲ್ಲಿ ಮೊಲೋಚ್ನಾದ ಮೇಲೆ ಬೊಲ್ಶೆವಿಕರ ಕೆಂಪು ಸೈನ್ಯ, ಅವರ ವಿರೋಧಿಗಳ ಬಿಳಿ ಸೈನ್ಯ, ಅರಾಜಕತಾವಾದಿ ನೆಸ್ತೊರ್ ಮಾಖ್ನೊನ ದಂಡು ಮತ್ತೆ ಮತ್ತೆ ಹಾಯ್ದವು. 1919ರ ಚಳಿಗಾಲದ ಹೊತ್ತಿಗೆ ಹಳ್ಳಿಗೆ ಹಳ್ಳಿಯೇ ಕೊಲೆಗಳಿಗೆ ತುತ್ತಾಗಿತ್ತು. ಹಿಂದೆಯೇ ಟೈಫಸ್ ಜ್ವರ. 1921-22ರಲ್ಲಿ ಬರಗಾಲ. ಅಮೆರಿಕದ ಮೆನೊನೈಟರು ಅಡುಗೆ ಮನೆ ತೆರೆದು ಗಂಜಿ ಹಾಕಬೇಕಾಯಿತು. ಒಲೆಗೆ ಸೌದೆ ಇಲ್ಲದ ಕಾಲದಲ್ಲಿ ಒಣಗಿದ ಕಾಗದದ ಗುಡ್ಡೆಯನ್ನು ಕಾಯುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬ್ರೌನ್ ಕೂಡ ದೇಶ ಬಿಟ್ಟರು. 1920ರ ದಶಕದಲ್ಲಿ ಸುಮಾರು 20,000 ಮೆನೊನೈಟರು ಕೆನಡಾಕ್ಕೆ ಹೊರಟರು. ಬ್ರೌನ್ ಹೋದದ್ದು ಜರ್ಮನಿಗೆ. ಸಂಗ್ರಹ ಅಲ್ಲೇ ಉಳಿಯಿತು. 1929ರಲ್ಲಿ ಸೋವಿಯತ್ ಅಧಿಕಾರಿಗಳು ಅದನ್ನು ಜಪ್ತಿ ಮಾಡಿದರು. 1933ರಲ್ಲಿ ಬ್ರೌನ್ ತೀರಿಕೊಂಡಾಗ ತಮ್ಮ ಸಂಗ್ರಹವನ್ನು ಮತ್ತೆ ಕಂಡಿರಲಿಲ್ಲ.

ನಡೆದುಕೊಂಡು ಹೋದ ಪುಸ್ತಕ

ಇಲ್ಲಿ ಸ್ವಲ್ಪ ನಿಂತು ಇನ್ನೊಂದು ದಾರಿ ನೋಡೋಣ. ಮೊಲೋಚ್ನಾದಲ್ಲೇ ಅಲೆಕ್ಸಾಂಡರ್‌ವೋಲ್ ಎಂಬ ಹಳ್ಳಿ ಇತ್ತು. ಅಲ್ಲಿನವರು ಮೊದಲು ವಿಸ್ಟುಲಾ ನದಿಯ ಹತ್ತಿರದ ಪ್ರೆಖೋವ್ಕಾ ಎಂಬ ಊರಿನ ಸಭೆಯವರು, ಅಂದರೆ ಒಂದೇ ಚರ್ಚಿಗೆ ಸೇರಿದವರು. ಅಲ್ಲಿ 1784ರಲ್ಲಿ ಯಾಕೋಬ್ ವೇಡೆಲ್ ಎಂಬ ಸಭಾಹಿರಿಯ ಒಂದು ಸಭಾಪುಸ್ತಕ, ಅಂದರೆ ಸಭೆಯವರ ಹುಟ್ಟು, ದೀಕ್ಷಾಸ್ನಾನ, ಸಾವು ಬರೆದಿಡುವ ಪುಸ್ತಕ, ಶುರು ಮಾಡಿದ. ತನಗಿಂತ ಹಿಂದಿನ ತಲೆಮಾರುಗಳನ್ನೂ ಕೇಳಿ ಕೇಳಿ ಬರೆದಿಟ್ಟ. 1820ರಲ್ಲಿ ಸಭೆಯವರು ಮೊಲೋಚ್ನಾಕ್ಕೆ ಬಂದಾಗ ಪುಸ್ತಕ ಗಾಡಿಯಲ್ಲಿ ಬಂತು. 1874ರಲ್ಲಿ, ಸೈನ್ಯ ಸೇರುವ ಕಾನೂನು ಬಂದು, ಸಭೆಗೆ ಸಭೆಯೇ ಅಮೆರಿಕದ ಕ್ಯಾನ್ಸಸಿಗೆ ಹೊರಟಾಗ ಪುಸ್ತಕ ಹಡಗು ಹತ್ತಿತು. ಈಗಲೂ ಇದೆ.

ಮೆನೊನೈಟ್ ಸಭಾಪುಸ್ತಕದ ಒಂದು ವಿಶೇಷ ಹೇಳಬೇಕು. ನಮ್ಮ ಮಂಗಳೂರು, ಧಾರವಾಡ ಕಡೆಯ ಹಳೇ ಬಾಸೆಲ್ ಮಿಶನ್ ಸಭೆಗಳ ದಾಖಲೆ ನೋಡಿದವರಿಗೆ ಮಗುವಿನ ಹುಟ್ಟು, ದೀಕ್ಷಾಸ್ನಾನ ಅಕ್ಕಪಕ್ಕ ಇರುವುದು ರೂಢಿ. ಮೆನೊನೈಟರಲ್ಲಿ ಹಾಗಲ್ಲ. ಹುಟ್ಟಿಗೂ ದೀಕ್ಷಾಸ್ನಾನಕ್ಕೂ ನಡುವೆ ಇಪ್ಪತ್ತು ವರ್ಷದ ಅಂತರ. ಹಾಗಾಗಿ ಬರೆಯುವವನು ಒಂದು ಕುಟುಂಬಕ್ಕೆ ಒಂದು ಪುಟ ಬಿಟ್ಟು, ವರ್ಷಗಳ ಮೇಲೆ ವಾಪಸು ಬಂದು ಖಾಲಿ ಜಾಗ ತುಂಬುತ್ತಾನೆ. ಒಂದೇ ಸಾಲಿನಲ್ಲಿ ಮೂರು ಬಗೆಯ ಮಸಿ, ಮೂರು ಜನರ ಅಕ್ಷರ. ಕೆಲವು ಕಡೆ ಕೊನೆಯ ಚೌಕ ಖಾಲಿಯೇ ಉಳಿದಿರುತ್ತದೆ. ಸತ್ತನೋ, ಸಭೆ ಬಿಟ್ಟನೋ, ಹೊರಗೆ ಹಾಕಿದರೋ, ಹೇಗೆ ಹೇಳುವುದು?

ತಾರೀಖಿನದು ಇನ್ನೊಂದು ಗೋಳು. ವಿಸ್ಟುಲಾ ಕಡೆಯ ಪ್ರಶ್ಯಾದಲ್ಲಿ ಹೊಸ ಗ್ರೆಗೋರಿಯನ್ ಪಂಚಾಂಗ, ರಷ್ಯಾದಲ್ಲಿ ಹಳೇ ಜೂಲಿಯನ್, ಕ್ಯಾನ್ಸಸಿನಲ್ಲಿ ಮತ್ತೆ ಹೊಸದು. ಹತ್ತೊಂಬತ್ತನೇ ಶತಮಾನದಲ್ಲಿ ಇವೆರಡರ ವ್ಯತ್ಯಾಸ 12 ದಿನ. ಒಂದೇ ಮನುಷ್ಯನಿಗೆ ಎರಡು ಹುಟ್ಟುಹಬ್ಬ ಕಂಡರೆ ಗಾಬರಿಯಾಗಬೇಕಿಲ್ಲ, ಗಡಿ ದಾಟಿದ್ದಾನೆ ಅಷ್ಟೇ.

ಇದನ್ನು ಯಾಕೆ ಹೇಳಿದೆ ಅಂದರೆ, ಕಾಗದ ಉಳಿಸುವ ನೇರ ದಾರಿ ಇದು. ಜನ ಹೊರಟರು, ಪುಸ್ತಕ ಎತ್ತಿಕೊಂಡರು. ಚಕ್ರವರ್ತಿಯ ಸೀಮೆಯಿಂದ ಹೊರಡಲು ಬಿಡುವಿತ್ತು, ಸಭೆ ಒಟ್ಟಿಗಿತ್ತು, ಪುಸ್ತಕ ಒಂದೇ ಇತ್ತು. 1920ರ ದಶಕದವರಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಮನೆಯವರು 'ಕಿಸ್ತ್' ಎನ್ನುವ ಮರದ ಪೆಟ್ಟಿಗೆಯಲ್ಲಿ ಬೈಬಲ್ ಇಟ್ಟುಕೊಂಡರು, ಬೈಬಲಿನ ಒಳಪುಟದಲ್ಲಿ ಬರೆದ ಮಕ್ಕಳ ಹೆಸರು ಅದರ ಜೊತೆ ಹೋಯಿತು. 1,40,000 ಪುಟ ಯಾರ ಪೆಟ್ಟಿಗೆಯಲ್ಲಿ ಹಿಡಿಸೀತು? ಅಲ್ಲೇ ಉಳಿದ ಬಂಧುಗಳ ಪಾಡು ಇನ್ನೂ ಕಷ್ಟ. ಸ್ಟಾಲಿನ್ ಕಾಲದಲ್ಲಿ ವಿದೇಶದ ಪತ್ರ ಮನೆಯಲ್ಲಿ ಸಿಕ್ಕರೆ ಜೀವಕ್ಕೇ ಕುತ್ತು. ಸುಟ್ಟರು. ಯಾರನ್ನೂ ದೂರುವ ಹಾಗಿಲ್ಲ.

1990

ಟೊರೊಂಟೊ ವಿಶ್ವವಿದ್ಯಾಲಯದ ಇತಿಹಾಸಕಾರ ಹಾರ್ವಿ ಡಿಕ್ 1990ರಲ್ಲಿ ಒಡೆಸ್ಸಾದ ಸರ್ಕಾರಿ ಪತ್ರಾಗಾರದಲ್ಲಿ ಬ್ರೌನ್ ಸಂಗ್ರಹವನ್ನು ಕಂಡರು. ಸೋವಿಯತ್ ಒಕ್ಕೂಟದ ಬಾಗಿಲು ಆಗಷ್ಟೇ ತೆರೆದುಕೊಳ್ಳುತ್ತಿತ್ತು. ಜಪ್ತಿ ಮಾಡಿದವರು ಅದನ್ನು ಸುಟ್ಟಿರಲಿಲ್ಲ. ಸರ್ಕಾರಿ ಕ್ರಮದಲ್ಲಿ ನಂಬರು ಹಾಕಿ ಇಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ರುಮೇನಿಯಾದ ಸೈನ್ಯ ಒಡೆಸ್ಸಾವನ್ನು ಹಿಡಿದು ಕೂತಿದ್ದ ವರ್ಷಗಳನ್ನೂ ಅದು ದಾಟಿತ್ತು.

ಒಡೆಸ್ಸಾ ಪತ್ರಾಗಾರ ಬಹಳ ಕಾಲ ಇದ್ದದ್ದು ಬ್ರೋಡಿ ಸಿನಗಾಗ್ ಎಂಬ ಕಟ್ಟಡದಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಯೆಹೂದಿಗಳು ಕಟ್ಟಿದ ಪ್ರಾರ್ಥನಾ ಮಂದಿರ, ಸೋವಿಯತ್ ಕಾಲದಲ್ಲಿ ಅವರ ಕೈಯಿಂದ ಹೋಯಿತು. ಒಬ್ಬರಿಂದ ಕಿತ್ತುಕೊಂಡ ಮನೆ ಇನ್ನೊಬ್ಬರಿಂದ ಕಿತ್ತುಕೊಂಡ ಕಾಗದ ಕಾಯುವ ಪತ್ರಾಗಾರದ್ದಾಗಿತ್ತು. ಇದರ ಬಗ್ಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ, ಆದರೆ ಹೇಳದೆ ಮುಂದೆ ಹೋಗಲೂ ಆಗುವುದಿಲ್ಲ.

ಸೋವಿಯತ್ ಪತ್ರಾಗಾರದ ಕ್ರಮ ಸ್ವಲ್ಪ ಹೇಳುತ್ತೇನೆ, ಈ ಪ್ರಕರಣದ ಕೀಲಿ ಅದರಲ್ಲಿದೆ. ಒಂದು ಮೂಲದಿಂದ ಬಂದ ಇಡೀ ಸಂಗ್ರಹಕ್ಕೆ 'ಫೋಂಡ್' ಎನ್ನುತ್ತಾರೆ. ಅದರ ಪಟ್ಟಿ 'ಓಪಿಸ್'. ಪಟ್ಟಿಯ ಒಂದೊಂದು ಕಡತ 'ದೇಲೋ'. ಕಡತದ ಒಂದೊಂದು ಹಾಳೆ 'ಲಿಸ್ಟ್'. ಬಿಡಿ ಹಾಳೆಗಳನ್ನು ದಪ್ಪ ದಾರದಲ್ಲಿ ಹೊಲಿದು, ಬಲಗಡೆ ಮೇಲ್ತುದಿಯಲ್ಲಿ ಪೆನ್ಸಿಲ್ಲಿನಲ್ಲಿ ಅಂಕಿ ಹಾಕುತ್ತಾರೆ. ಕೊನೆಯಲ್ಲಿ ಒಂದು ಚೀಟಿ: ಈ ಕಡತದಲ್ಲಿ ಇಷ್ಟು ಹಾಳೆ ಇವೆ, ಅಂಕಿಯಲ್ಲೂ ಅಕ್ಷರದಲ್ಲೂ, ಕೆಳಗೆ ಸಹಿ. ಕಡತ ತೆಗೆದು ನೋಡಿದವನೂ ಇನ್ನೊಂದು ಚೀಟಿಯಲ್ಲಿ ಹೆಸರು, ತಾರೀಖು ಬರೆಯಬೇಕು. ನಮ್ಮ ಹಳೇ ತಾಲೂಕು ಕಚೇರಿಯ ಶಿರಸ್ತೇದಾರರು ನೋಡಿದ್ದರೆ ಮೆಚ್ಚುತ್ತಿದ್ದರು.

ಬ್ರೌನ್ ಸಂಗ್ರಹಕ್ಕೆ ಸಿಕ್ಕಿದ್ದು 89ನೇ ನಂಬರು. ಫೋಂಡ್ 89. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಈ ಎರಡಂಕಿಯಲ್ಲಿದೆ. ಅರವತ್ತು ವರ್ಷ ಜನ "ಕಳೆದುಹೋಯಿತು" ಅಂದದ್ದು ಅಲ್ಲೇ ಕಪಾಟಿನಲ್ಲಿತ್ತು. ಪಟ್ಟಿ ಇತ್ತು, ನಂಬರಿತ್ತು. ಆ ಪಟ್ಟಿ ನೋಡುವ ಅವಕಾಶ ಅದರ ವಾರಸುದಾರರಿಗೆ ಇರಲಿಲ್ಲ, ನೋಡಬಹುದಾಗಿದ್ದವರಿಗೆ ಆಸಕ್ತಿ ಇರಲಿಲ್ಲ. ನಮ್ಮಲ್ಲೂ "ಸಿಗಲಿಲ್ಲ" ಅನ್ನುವ ಎಷ್ಟೋ ಕಾಗದಗಳದ್ದು ಇದೇ ಕಥೆ ಅಂತ ನನ್ನ ಗುಮಾನಿ. ಗೆದ್ದಲು ತಿಂದದ್ದಕ್ಕಿಂತ ಪಟ್ಟಿಯಿಲ್ಲದೆ ಕತ್ತಲಲ್ಲಿ ಕೂತದ್ದು ಜಾಸ್ತಿ ಇರಬೇಕು.

ಡಿಕ್ ಮೂಲವನ್ನು ವಾಪಸು ಕೊಡಿ ಅಂತ ಕೂರಲಿಲ್ಲ. ಮೈಕ್ರೋಫಿಲ್ಮ್ ಮಾಡಿಸಲು, ಅಂದರೆ ಪುಟಗಳನ್ನೆಲ್ಲ ಫಿಲ್ಮ್ ರೀಲಿನ ಮೇಲೆ ಪುಟ್ಟದಾಗಿ ಫೋಟೋ ಹಿಡಿಸಲು, ಪತ್ರಾಗಾರದವರ ಜೊತೆ ಒಪ್ಪಂದ ಮಾಡಿಕೊಂಡರು. ಒಕ್ಕೂಟ ಒಡೆಯುತ್ತಿದ್ದ ಹೊತ್ತಿನಲ್ಲೇ ಕೆಲಸ ನಡೆದು, ಎಪ್ಪತ್ತಕ್ಕೂ ಹೆಚ್ಚು ರೀಲು ಆದವು. ಈಗ ಟೊರೊಂಟೊ, ವಾಟರ್‌ಲೂ, ವಿನಿಪೆಗ್‌ಗಳಲ್ಲಿ ಅದರ ಪ್ರತಿಗಳಿವೆ. ಕೆಲವರಿಗೆ ಇದು ಅರೆಮನಸ್ಸಿನ ಕೆಲಸ ಅನಿಸಬಹುದು, ನಮ್ಮ ಹಿರಿಯರ ಕಾಗದ ನಮಗೇ ಯಾಕೆ ಬರಬಾರದು ಅಂತ. ನನಗೆ ಡಿಕ್ ಮಾಡಿದ್ದೇ ಸರಿ ಅನಿಸುತ್ತದೆ. ಫೋಂಡ್ 89ರ ಪಕ್ಕದಲ್ಲೇ, ಅದೇ ಪತ್ರಾಗಾರದ ಫೋಂಡ್ 6ರಲ್ಲಿ, ವಲಸಿಗರನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಚೇರಿಯ ಕಡತಗಳಿವೆ. ಹಳ್ಳಿಯಿಂದ ಹೋದ ಅರ್ಜಿಗೆ ಏನು ಉತ್ತರ ಬಂತು, ಯಾರು ಏನು ಷರಾ ಬರೆದರು ಅಂತ ಅಲ್ಲಿ ನೋಡಬಹುದು. ಒಂದನ್ನು ಕಿತ್ತು ಕೆನಡಾಕ್ಕೆ ಒಯ್ದರೆ ಎರಡೂ ಅರ್ಧಂಬರ್ಧ.

ರೀಲು ಬಂತು. ಓದುವುದು ಯಾರು?

ಇದು ಎಲ್ಲರೂ ಮರೆಯುವ ಭಾಗ. 1,40,000 ಪುಟದ ಫಿಲ್ಮ್ ಇದ್ದರೆ ಅದು ಇನ್ನೊಂದು ಗುಡ್ಡೆ ಅಷ್ಟೇ. ಬಹಳಷ್ಟು ಕಾಗದ ಜರ್ಮನ್ ಭಾಷೆಯಲ್ಲಿ, ಅದೂ ಹಳೇ ಗೋಥಿಕ್ ಕೈಬರಹದಲ್ಲಿ. ಮಿಕ್ಕದ್ದು ರಷ್ಯನ್. ಈ ಕೈಬರಹವನ್ನು ಇವತ್ತಿನ ಜರ್ಮನರೂ ಸಲೀಸಾಗಿ ಓದಲಾರರು. ಅದರಲ್ಲಿ 'ಇ' ಮತ್ತು 'ಎನ್' ಅಕ್ಷರಗಳು ಅವಳಿಜವಳಿ. 'ಯು' ಅಕ್ಷರದ ತಲೆ ಮೇಲೆ ಒಂದು ಕೊಂಡಿ ಹಾಕದಿದ್ದರೆ ಅದೂ 'ಎನ್' ಥರವೇ ಕಾಣುತ್ತದೆ.

ಇದೇನೂ ನಮಗೆ ದೂರದ ಮಾತಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಊರಿಗೆ ಬರೆದ ವರದಿಗಳೂ ಇದೇ ಅಕ್ಷರದಲ್ಲಿವೆ. ಕರಾವಳಿ, ಧಾರವಾಡ, ಕೊಡಗಿನ ಎಷ್ಟೋ ವಿವರ ಅದರಲ್ಲಿ ಅಡಗಿದೆ. ಅವರು ವರದಿ ಬರೆದು ಬಾಸೆಲಿಗೆ ಕಳಿಸುವ ಕಡ್ಡಾಯ ಪದ್ಧತಿ ಇಟ್ಟುಕೊಂಡಿದ್ದರು. ಹಾಗಾಗಿ 1914ರ ಯುದ್ಧದಲ್ಲಿ ಬ್ರಿಟಿಷರು ಇಲ್ಲಿನ ಜರ್ಮನ್ ಮಿಶನರಿಗಳನ್ನು ಹಿಡಿದು ಕೂಡಿಹಾಕಿದಾಗಲೂ ಹಿಂದಿನ ಎಂಬತ್ತು ವರ್ಷದ ಕಥೆ ಸ್ವಿಟ್ಜರ್ಲೆಂಡಿನಲ್ಲಿ ಸುರಕ್ಷಿತವಾಗಿತ್ತು. ಮೊಲೋಚ್ನಾದವರಿಗೆ ಹಾಗೆ ಕಾಗದ ಕಳಿಸಲು ಒಂದು ಬಾಸೆಲ್ ಇರಲಿಲ್ಲ.

ಹೇಳಿದ್ದಕ್ಕೆ ಇನ್ನೊಂದು ಎಳೆ ಸೇರಿಸಿಬಿಡುತ್ತೇನೆ. ರಷ್ಯಾದ ಮೆನೊನೈಟ್ ಬ್ರದರನ್ ಸಭೆಯವರು ಕಳಿಸಿದ ಅಬ್ರಹಾಂ ಫ್ರೀಸೆನ್ ದಂಪತಿ 1890ರ ಹೊತ್ತಿಗೆ ನಲ್ಗೊಂಡದಲ್ಲಿ ಕೆಲಸ ಶುರು ಮಾಡಿದ್ದರು. ರಾಯಚೂರು, ಗುಲ್ಬರ್ಗ, ಬೀದರು ಸೇರಿದ್ದ ಅದೇ ನಿಜಾಮ ರಾಜ್ಯ. ಹಿಪ್ಪುನೇರಳೆ ನೆಡುತ್ತಿದ್ದ ಬಯಲಿನ ಜನರ ಕಾಣಿಕೆ ದುಡ್ಡು ತೆಲುಗು ನಾಡಿನ ಹಳ್ಳಿಗೆ ಬರುತ್ತಿತ್ತು.

ಓದುವ ಕೆಲಸಕ್ಕೆ ವಾಪಸು ಬರೋಣ. ಇಂಗ್ರಿಡ್ ಎಪ್ ಎಂಬವರು ಡಿಕ್ ಜೊತೆ ಸೇರಿ ಈ ಸಂಗ್ರಹಕ್ಕೆ ಒಂದು ಮಾರ್ಗದರ್ಶಿ ತಯಾರು ಮಾಡಿದರು. ಕಡತ ಕಡತಕ್ಕೂ ಏನಿದೆ, ಯಾವ ವರ್ಷದ್ದು ಅಂತ. ಅದು 1996ರಲ್ಲಿ ಅಚ್ಚಾಯಿತು. ಕೋರ್ನೀಸನ ಪತ್ರಗಳ ಇಂಗ್ಲಿಷ್ ಅನುವಾದದ ಮೊದಲ ಸಂಪುಟ ಹೊರಬಂದದ್ದು 2015ರಲ್ಲಿ, ಎರಡನೆಯದು 2020ರಲ್ಲಿ. ಸಿಕ್ಕ ದಿನದಿಂದ ಲೆಕ್ಕ ಹಾಕಿದರೆ ಮೊದಲ ಸಂಪುಟಕ್ಕೇ ಇಪ್ಪತ್ತೈದು ವರ್ಷ. ಸ್ಕ್ಯಾನ್ ಮಾಡಿಬಿಟ್ಟರೆ ಮುಗಿಯಿತು ಅಂತ ದೇಣಿಗೆ ಕೊಡುವವರು ಹೇಳಿದಾಗಲೆಲ್ಲ ನಾನು ಈ ಲೆಕ್ಕ ಹೇಳುತ್ತೇನೆ. ಅವರಿಗೆ ಇಷ್ಟವಾಗುವುದಿಲ್ಲ.

ಒಂದು ಪುಟ ಹತ್ತಿರದಿಂದ

ಸಂಗ್ರಹದಲ್ಲಿ ಜಾಸ್ತಿ ಜನ ಹುಡುಕಿಕೊಂಡು ಬರುವ ಕಡತಗಳಲ್ಲಿ 1835ರ ಮೊಲೋಚ್ನಾ ಗಣತಿಯೂ ಒಂದು. ತೆರಿಗೆಗೋಸ್ಕರ ರಷ್ಯಾದ ಸರ್ಕಾರ ಆಗಾಗ ಮಾಡಿಸುತ್ತಿದ್ದ ತಲೆ ಎಣಿಕೆ. ಪುಟ ತೆರೆದರೆ ಎಡಗಡೆ ಗಂಡಸರು, ಬಲಗಡೆ ಹೆಂಗಸರು. ಎಡಪುಟದಲ್ಲಿ ಮೊದಲು ಮನೆ ನಂಬರು. ಆಮೇಲೆ ಮನೆ ಯಜಮಾನ, ಅವನ ಗಂಡುಮಕ್ಕಳು, ತಮ್ಮಂದಿರು. ಪಕ್ಕದಲ್ಲಿ ಹಿಂದಿನ ಗಣತಿಯಲ್ಲಿ, ಅಂದರೆ 1816ರಲ್ಲಿ, ಅವನ ವಯಸ್ಸು. ಅದರ ಪಕ್ಕ, ಈ ನಡುವೆ ಇಲ್ಲವಾಗಿದ್ದರೆ ಯಾವಾಗ. ಕೊನೆಗೆ ಈಗಿನ ವಯಸ್ಸು. ಬಲಪುಟದಲ್ಲಿ ಹೆಂಗಸರಿಗೆ ಹಿಂದಿನ ವಯಸ್ಸಿನ ಅಂಕಣವೇ ಇಲ್ಲ. ಈಗಿನದು ಮಾತ್ರ. ತೆರಿಗೆ ಗಂಡಸಿನ ತಲೆಗೆ, ಹೆಂಗಸು ಲೆಕ್ಕಕ್ಕೆ ಅರ್ಧ. ಮದುವೆಯಾದ ಮಗಳು ಅಪ್ಪನ ಪುಟದಿಂದ ಸದ್ದಿಲ್ಲದೆ ಮಾಯವಾಗಿ ಇನ್ಯಾವುದೋ ಹಳ್ಳಿಯ ಬಲಪುಟದಲ್ಲಿ ಕಾಣಿಸಿಕೊಳ್ಳುತ್ತಾಳೆ.

ಇಷ್ಟು ಒಣ ಅಂಕಣದಲ್ಲಿ ಏನಿದೆ ಅನ್ನುತ್ತೀರಾ? ಮೆನೊನೈಟರಲ್ಲಿ ಹೆಸರುಗಳು ಬೆರಳೆಣಿಕೆಯಷ್ಟು. ಯೋಹಾನ್, ಯಾಕೋಬ್, ಪೀಟರ್, ಹೈನ್‌ರಿಕ್. ಮನೆತನದ ಹೆಸರೂ ಸೀಮಿತ. ಒಂದೇ ಹಳ್ಳಿಯಲ್ಲಿ ಮೂವರು ಯಾಕೋಬ್ ವೀಬೆ ಇದ್ದರೆ ಯಾರ ಮಗ ಯಾರು? 1816ರ ವಯಸ್ಸು, 1835ರ ವಯಸ್ಸು, ಮನೆ ನಂಬರು ಮೂರನ್ನೂ ಕೂಡಿಸಿ ನೋಡಿದರೆ ಗಂಟು ಬಿಡುತ್ತದೆ. ಕ್ಯಾಲಿಫೋರ್ನಿಯಾದ ಮೆನೊನೈಟ್ ಇತಿಹಾಸ ಸಂಘದವರು 'ಗ್ರ್ಯಾಂಡ್ಮಾ' ಎಂಬ ವಂಶಾವಳಿ ಭಂಡಾರ ಕಟ್ಟಿದ್ದಾರೆ, ಹತ್ತು ಲಕ್ಷಕ್ಕೂ ಮೀರಿದ ಹೆಸರುಗಳಿವೆ. ಅಜ್ಜಿ ಅಂತ ಹೆಸರಿಟ್ಟವರ ಜಾಣತನ ಮೆಚ್ಚಬೇಕು. ಬೈಬಲಿನ ಒಳಪುಟದ ನಾಲ್ಕು ಹೆಸರು, ಕ್ಯಾನ್ಸಸಿಗೆ ಹೋದ ಸಭಾಪುಸ್ತಕ, ಒಡೆಸ್ಸಾದ ತೆರಿಗೆ ಗಣತಿ, ಇಂಥವನ್ನೆಲ್ಲ ಒಂದಕ್ಕೊಂದು ಜೋಡಿಸಿದ್ದರಿಂದ ಅದು ಅಷ್ಟು ಬೆಳೆಯಿತು.

ಕಚೇರಿ ಕಾಗದದ ಇನ್ನೊಂದು ಗುಣ, ಅದು ಮುಖಸ್ತುತಿ ಮಾಡುವುದಿಲ್ಲ. ಮನೆಯವರು ಇಟ್ಟ ನೆನಪಿನಲ್ಲಿ ಹಿರಿಯರೆಲ್ಲ ಶಾಂತರು, ದುಡಿಮೆಗಾರರು. ಕಡತ ತೆರೆದರೆ 1860ರ ದಶಕದಲ್ಲಿ ಜಮೀನಿದ್ದವರು ಜಮೀನಿಲ್ಲದ ತಮ್ಮ ಸಭೆಯವರನ್ನೇ ಹೇಗೆ ಹಿಂಡಿದರು ಅನ್ನುವುದೂ ಸಿಗುತ್ತದೆ. ಆಗ ಮೊಲೋಚ್ನಾದ ಅರ್ಧಕ್ಕಿಂತ ಹೆಚ್ಚು ಕುಟುಂಬಗಳಿಗೆ ಹೊಲ ಇರಲಿಲ್ಲ, ಊರಿನ ಸಭೆಯಲ್ಲಿ ಮತವೂ ಇರಲಿಲ್ಲ. ಅವರ ಅರ್ಜಿಗಳು, ಇವರ ಉತ್ತರಗಳು. ಪಕ್ಕದ ನೊಗಾಯ್ ಜನರ ಜೊತೆಗಿನ ಕುರಿ ವ್ಯವಹಾರ. ಈ ಕಾಗದವನ್ನೆಲ್ಲ ಅದೇ ಸಮುದಾಯದ ಮೇಷ್ಟ್ರೇ ಸೇರಿಸಿದ್ದು ಅನ್ನುವುದಕ್ಕೆ ಅವರ ಮೇಲೆ ನನಗೆ ಗೌರವ. ಬೇಡದ್ದನ್ನು ಆರಿಸಿ ಒಲೆಗೆ ಹಾಕಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ.

ಈಗ

2022ರ ಯುದ್ಧ ಶುರುವಾದ ಮೊದಲ ವಾರಗಳಲ್ಲೇ ಮೊಲೋಚಾನ್ಸ್ಕ್ ರಷ್ಯಾದ ಸೈನ್ಯದ ಕೈಗೆ ಹೋಯಿತು. ಬ್ರೌನ್ ಪಾಠ ಹೇಳಿದ ಊರಿಗೆ ಕೆನಡಾದ ಮೊಮ್ಮಕ್ಕಳು ಬಸ್ಸು ಮಾಡಿಕೊಂಡು ಬರುತ್ತಿದ್ದದ್ದು ನಿಂತಿತು. ಒಡೆಸ್ಸಾ ಉಕ್ರೇನಿನ ಕೈಯಲ್ಲೇ ಇದೆ, ಮೇಲಿಂದ ಕ್ಷಿಪಣಿ ಬೀಳುತ್ತಿವೆ. 2023ರ ಜನವರಿಯಲ್ಲಿ ಯುನೆಸ್ಕೊ ಆ ನಗರದ ಹಳೇ ಭಾಗವನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೆನಡಾದಲ್ಲಿ ಕೂತು ಈಗ ಯಾರಾದರೂ ತಮ್ಮ ಮುತ್ತಜ್ಜನ ಮನೆಯ ಲೆಕ್ಕ ಹುಡುಕಿದರೆ, ರೀಲಿನ ಮೇಲೆ ಆ ಪುಟ ಸಿಗುತ್ತದೆ. ಮೂಲೆಯಲ್ಲಿ ಪೆನ್ಸಿಲ್ಲಿನ ಅಂಕಿ ಇರುತ್ತದೆ. ಅದನ್ನು ಎಲ್ಲಿಯಾದರೂ ಉಲ್ಲೇಖಿಸಬೇಕಾದರೆ ಬ್ರೌನ್ ಹೆಸರು ಬರೆದರೆ ಸಾಲದು. ಜಪ್ತಿಯಾದ ಮೇಲೆ ಬಿದ್ದ ನಂಬರನ್ನೂ ಬರೆಯಬೇಕು: ಒಡೆಸ್ಸಾ, ಫೋಂಡ್ 89, ಓಪಿಸ್ 1, ಆಮೇಲೆ ಕಡತದ ಸಂಖ್ಯೆ, ಹಾಳೆಯ ಸಂಖ್ಯೆ.